‘ಬಾ’ ಅನ್ನಬೇಕೋ, ‘ಇರು’ ಅನ್ನಬೇಕೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಒಬ್ಬರ ಪರಿಚಯ ಒಬ್ಬರಿಗಿಲ್ಲ. ಆದರೂ ಹೆಚ್ಚಿನವರ ಮನೆಯಲ್ಲಿ ಕಾಯುವ ಫೋನು ಒಂದೇ ಥರದ್ದು: ಯುದ್ಧ ಶುರುವಾದ, ಇಲ್ಲವೇ ಶುರುವಾದೀತು ಎನ್ನುವ ದೇಶದಿಂದ ಬರಬೇಕಾದ ಫೋನು.

ಪ್ರಶ್ನೆ: ಮಗ ಹೊರದೇಶದಲ್ಲಿ ವೈದ್ಯಕೀಯ ಓದುತ್ತಿದ್ದಾನೆ, ನಾಲ್ಕನೇ ವರ್ಷ. ಪಕ್ಕದ ದೇಶದ ಸೈನ್ಯ ಗಡಿಗೆ ಬಂದು ನಿಂತಿದೆಯಂತೆ. ಕಾಲೇಜಿನವರು ಮಾತ್ರ ತರಗತಿ ತಪ್ಪಿಸಿದರೆ ಹಾಜರಿ ಹೋಗುತ್ತದೆ ಎನ್ನುತ್ತಾರೆ. ಎರೆಹೊಲ ಒತ್ತೆ ಇಟ್ಟು ಕಳಿಸಿದ್ದೇನೆ. ಕರೆಸಿಕೊಂಡ ಮೇಲೆ ಯುದ್ಧವೇ ಆಗದಿದ್ದರೆ? — *ರೈತರೊಬ್ಬರು, ಬೈಲಹೊಂಗಲ ತಾಲ್ಲೂಕು*

ಯುದ್ಧ ಆಗದೇ ಹೋದರೆ ವರ್ಷ ಹಾಳು, ಆಗಿಬಿಟ್ಟರೆ ಮಗನ ಜೀವಕ್ಕೆ ಕುತ್ತು. ಈ ಎರಡರ ನಡುವೆ ನಿದ್ದೆ ಬಾರದಿರುವುದು ಸಹಜ. ಹೊಲ ಒತ್ತೆ ಇಟ್ಟವರು ಹಾಜರಿಯ ಲೆಕ್ಕ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಮೊದಲು ಒಂದು ಸಮಾಧಾನದ ಮಾತು ಹೇಳುತ್ತೇನೆ: ನಿಮಗೆ ಇನ್ನೂ ಸಮಯವಿದೆ. ವಿಮಾನ ಹಾರುತ್ತಿವೆ, ಮಗ ಫೋನಿಗೆ ಸಿಗುತ್ತಿದ್ದಾನೆ.

ಉಕ್ರೇನಿನಲ್ಲಿ ನಡೆದದ್ದನ್ನು ತಾರೀಖು ಹಿಡಿದು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೇ ಅಲ್ಲಿ ಸಾವಿರಾರು ಮನೆಗಳ ಪ್ರಶ್ನೆಯಾಗಿತ್ತು. 2022ರ ಫೆಬ್ರುವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ ಮೊದಲ ಅಡ್ವೈಸರಿ (ನಾಗರಿಕರಿಗೆ ಕೊಡುವ ಸೂಚನೆ) ಹೊರಡಿಸಿತು. ಇರಲೇಬೇಕಾದ ಅಗತ್ಯ ಇಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ಸದ್ಯಕ್ಕೆ ಊರಿಗೆ ಹೋಗುವುದನ್ನು ಯೋಚಿಸಲಿ ಎಂದಿತು. 20ಕ್ಕೆ ಇನ್ನೊಂದು ಬಂತು. 22ರ ಸೂಚನೆಯಲ್ಲಂತೂ, ಆನ್‌ಲೈನ್ ತರಗತಿಯ ಬಗ್ಗೆ ಕಾಲೇಜಿನ ಉತ್ತರಕ್ಕೆ ಕಾಯದೆ ಹೊರಡಿ ಎಂದು ಬಿಡಿಸಿಯೇ ಹೇಳಿತ್ತು. 24ರ ಬೆಳಗ್ಗೆ ಯುದ್ಧ ಶುರುವಾಯಿತು, ಅದೇ ದಿನ ವಿಮಾನಗಳ ದಾರಿ ಮುಚ್ಚಿತು. ಮೊದಲ ಸೂಚನೆಯಿಂದ ದಾರಿ ಮುಚ್ಚುವವರೆಗೆ ಇದ್ದದ್ದು ಒಂಬತ್ತು ದಿನ. ಆ ದಿನಗಳಲ್ಲಿ ಟಿಕೆಟ್ ದುಬಾರಿಯಾಗಿತ್ತು, ಹಾಜರಿಯ ಹೆದರಿಕೆ ಇತ್ತು, ಮನೆಯವರೂ ‘ಇನ್ನೆರಡು ದಿನ ನೋಡು’ ಎಂದಿದ್ದರು. ಯಾರನ್ನೂ ದೂರುವಂತಿಲ್ಲ.

ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿಗಾಗಿ ಹೊರಗೆ ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ ದಾಳಿಯಲ್ಲಿ ತೀರಿಕೊಂಡ. ಅವನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ. ಡಾಕ್ಟರಾಗಿ ಬರಬೇಕಿದ್ದ ಮಗನ ದೇಹವನ್ನು ಆ ತಂದೆತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ, ಬೇರೆ ಮಕ್ಕಳು ಓದಲೆಂದು ದಾನ ಕೊಟ್ಟರು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ.

ಅವನು ಹೋದ ಮರುದಿನ ರಾಯಭಾರ ಕಚೇರಿ ಖಾರ್ಕಿವ್‌ನಲ್ಲಿದ್ದವರಿಗೆ, ವಾಹನ ಸಿಗದಿದ್ದರೆ ನಡೆದಾದರೂ ಪಕ್ಕದ ಪಿಸೋಚಿನ್, ಬಾಬಾಯಿ ಎಂಬ ಊರುಗಳನ್ನು ಸಂಜೆ ಆರರೊಳಗೆ ಸೇರಿರಿ ಎಂದಿತು. ವಾರದ ಹಿಂದೆ ದುಬಾರಿ ಎನಿಸಿದ್ದ ಟಿಕೆಟ್ಟು ಆಗ ಯಾವ ಬೆಲೆಗೂ ಸಿಗುವಂತಿರಲಿಲ್ಲ.

ಉಕ್ರೇನಿನಿಂದ ನಮ್ಮವರನ್ನು ಕರೆತಂದ ಆಪರೇಷನ್ ಗಂಗಾದ ಕಾಲದಲ್ಲಿ ಮನೆಗೆ ಮರಳಿದವರು 22,000ಕ್ಕೂ ಹೆಚ್ಚು ಜನ. ಓದಿನ ಮಾತಿಗೆ ಬಂದರೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿತು. ದಾರಿ ಸುಲಭವಿರಲಿಲ್ಲ, ಅಲೆದಾಟ ಬಹಳ ಇತ್ತು. ಆದರೂ ಒಂದು ದಾರಿ ತೆರೆಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ರಾಯಭಾರ ಕಚೇರಿ ‘ಅಗತ್ಯವಿಲ್ಲದವರು ಹೊರಡಿ’ ಎಂದು ಮೊದಲ ಸಲ ಹೇಳಿದ ದಿನವೇ ಮಗ ಟಿಕೆಟ್ ಮಾಡಿಸಲಿ. ಎರಡನೆಯ ಸೂಚನೆಗೆ ಕಾಯುವುದು ಬೇಡ. ಆ ದಿನ ಯೋಚಿಸುತ್ತ ಕೂರುವಂತಾಗಬಾರದು, ಈಗಲೇ ಇಬ್ಬರೂ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಟಿಕೆಟ್ಟಿನ ಹಣ ಅವನ ಖಾತೆಯಲ್ಲಿ ಬೇರೆ ಇರಲಿ. ಅಂಕಪಟ್ಟಿಗಳ ಫೋಟೋ ನಿಮ್ಮ ಫೋನಿನಲ್ಲೂ ಇರಲಿ.

ಅಕಸ್ಮಾತ್ ಹೊರಡುವ ಮೊದಲೇ ಗುಂಡಿನ ಸದ್ದು ಶುರುವಾಗಿಬಿಟ್ಟರೆ ಮಾತು ಬೇರೆ. ಆಗ ಓಡುವುದಲ್ಲ, ಗಟ್ಟಿ ಗೋಡೆಯ ಒಳಗೆ ಇರುವುದು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾದಾಟ ಹೊತ್ತಿದಾಗ, ಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಬಾಡಿಗೆ ಕೋಣೆಗಳಲ್ಲೇ ಸಿಕ್ಕಿಕೊಂಡರು. ಹೊರಗೆ ಬರಬೇಡಿ ಎಂಬುದೇ ಮೊದಲ ದಿನಗಳ ಸೂಚನೆಯಾಗಿತ್ತು. 24ರಿಂದ ಆಪರೇಷನ್ ಕಾವೇರಿ ಶುರುವಾಗಿ ಬಸ್ಸಿನಲ್ಲಿ ಪೋರ್ಟ್ ಸುಡಾನ್, ಅಲ್ಲಿಂದ ಸಮುದ್ರ ದಾಟಿ ಜೆಡ್ಡಾ, ಆಮೇಲೆ ಊರು. ಬೇಗ ಹೊರಡುವುದು ಒಳ್ಳೆಯದು. ಹೊತ್ತು ಮೀರಿದ್ದರೆ ಕಾಯುವುದು ಒಳ್ಳೆಯದು. ಎರಡರ ನಡುವೆ ಗಾಬರಿಯಿಂದ ಬೀದಿಗಿಳಿಯುವುದೇ ಹೆಚ್ಚು ಅಪಾಯ.

ಪ್ರಶ್ನೆ: ಶಾಲೆಯಲ್ಲಿ 1824ರ ಕಿತ್ತೂರಿನ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು, ‘ಸರ್, ಆಗ ಇಲ್ಲಿದ್ದ ಇಂಗ್ಲಿಷರು ಹೆದರಿ ಓಡಲಿಲ್ಲವಾ?’ ಎಂದು ಕೇಳಿದಳು. ಸರಿಯಾಗಿ ಉತ್ತರಿಸಲಾಗಲಿಲ್ಲ. — *ಶಿಕ್ಷಕರು, ಕಿತ್ತೂರು*

ಪ್ರಶ್ನೆ ಕೇಳುವ ಮಕ್ಕಳಿರುವ ತರಗತಿ ನಿಮ್ಮದು, ಸಂತೋಷ. ಒಂದು ಭೇದ ಮೊದಲು ತಿಳಿಸಿ: ಆ ಇಂಗ್ಲಿಷರು ದುಡಿಯಲು ಬಂದವರಲ್ಲ, ಕೋಟೆಯನ್ನೂ ಖಜಾನೆಯನ್ನೂ ವಶಕ್ಕೆ ಪಡೆಯಲು ಸೈನ್ಯದೊಂದಿಗೆ ಬಂದವರು. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಯಾದರು.

ಎಲಿಯಟ್‌ಗೆ ಆಗ 21 ವರ್ಷ, ಇಂದು ಹೊರದೇಶದಲ್ಲಿ ಓದುವ ನಮ್ಮ ಹುಡುಗರ ವಯಸ್ಸು. ಓಡಲು ಅವನಿಗೆ ದಾರಿ ಇರಲಿಲ್ಲ. ಕಿತ್ತೂರಿನವರು ಅವರಿಬ್ಬರನ್ನೂ ಒತ್ತೆಯಾಳುಗಳಾಗಿ ಇಟ್ಟುಕೊಂಡರು, ಕೊಲ್ಲಲಿಲ್ಲ. ಡಿಸೆಂಬರ್ ಮೊದಲ ವಾರ ಕೋಟೆ ಬೀಳುವ ಮುಂಚೆ ಬಿಟ್ಟುಕೊಟ್ಟರು. ಜೀವ ಉಳಿದ ಎಲಿಯಟ್ ಮುಂದೆ ಇದೇ ಸೀಮೆಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ. ಕನ್ನಡ ನಾಡಿನ ಇತಿಹಾಸ ಬರೆದವರಿಗೆ ಅವು ಬಹಳ ಉಪಯೋಗಕ್ಕೆ ಬಂದವು. ರಾಣಿ ಚೆನ್ನಮ್ಮ ಮಾತ್ರ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಇವೆರಡನ್ನೂ ಒಟ್ಟಿಗೆ ಹೇಳಿ. ಆ ಹುಡುಗಿಗೆ ಅರ್ಥವಾಗುತ್ತದೆ.

ಪ್ರಶ್ನೆ: ನನ್ನ ತಂಗಿ ಇಸ್ರೇಲಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಬಾ ಎಂದರೆ ‘ಅಜ್ಜಿಗೆ ಎದ್ದು ಕೂಡಾಕ ಬರಂಗಿಲ್ಲಕ್ಕಾ, ಬಿಟ್ಟು ಹೆಂಗ ಬರ್ಲಿ’ ಅಂತಾಳೆ. ಊರಲ್ಲಿ ಎಲ್ಲರೂ ರೊಕ್ಕದ ಆಸೆ ಅನ್ನುತ್ತಾರೆ. — *ಅಕ್ಕ, ಸವದತ್ತಿ*

ನಿಮ್ಮ ತಂಗಿಯ ಮಾತನ್ನು ಮೂರು ಸಲ ಓದಿದೆ. ಅದು ಆಸೆಯ ಮಾತಲ್ಲ ತಾಯಿ, ಕರುಳಿನ ಮಾತು. ಊರವರ ಮಾತನ್ನು ಅವಳ ಕಿವಿಗೆ ಮುಟ್ಟಿಸಬೇಡಿ. 2023ರ ಅಕ್ಟೋಬರ್ 7ರಂದು ಅಲ್ಲಿ ದಾಳಿ ನಡೆದ ಮೇಲೆ ನಮ್ಮ ಸರ್ಕಾರ ಆಪರೇಷನ್ ಅಜಯ್ ಅಡಿ ವಿಮಾನ ಕಳಿಸಿದಾಗಲೂ ಇಂಥ ಕೆಲಸದಲ್ಲಿದ್ದ ಅನೇಕರು ಅಲ್ಲೇ ಉಳಿದರು. ಅವರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದರು. ಉಳಿದವರೆಲ್ಲ ತಿಳಿಗೇಡಿಗಳಲ್ಲ.

ಆದರೆ ನಿಮ್ಮ ಭಯವೂ ಸರಿಯಾದದ್ದೇ. ಅದನ್ನು ‘ಬಾ, ಬಾ’ ಎಂದು ಅಳುವುದರಲ್ಲಿ ಕಳೆಯದೆ, ಅವಳನ್ನು ಕೆಲವು ಮಾತು ಕೇಳಿ. ಮನೆಯಲ್ಲಿ ಮಮಾದ್ (ಮನೆಯೊಳಗೇ ಗಟ್ಟಿ ಕಾಂಕ್ರೀಟಿನಿಂದ ಕಟ್ಟಿದ ರಕ್ಷಣಾ ಕೋಣೆ) ಇದೆಯೇ? ಅಲ್ಲಿನ ಹೊಸ ಕಟ್ಟಡಗಳಲ್ಲಿ ಇರುತ್ತದೆ, ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಇಲ್ಲದವರು ಮೆಟ್ಟಿಲಿಳಿದು ಎಲ್ಲರಿಗೂ ಸೇರಿದ ಆಸರೆಗೆ ಓಡಬೇಕು. ಗಾಜಾದಿಂದ ರಾಕೆಟ್ ಬಂದರೆ ಸೈರನ್ ಕೂಗಿದ ಮೇಲೆ ಗಡಿಯ ಊರುಗಳಲ್ಲಿ ಸಿಗುವುದು 15 ಸೆಕೆಂಡು, ಟೆಲ್ ಅವೀವ್ ಕಡೆ ಸುಮಾರು 90. ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು 90 ಸೆಕೆಂಡು ಸಾಲುತ್ತದೆಯೇ? ಈ ಒಂದು ಪ್ರಶ್ನೆಗೆ ಅವಳು ಕೊಡುವ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅಜ್ಜಿ ಮಲಗುವುದೇ ರಕ್ಷಣಾ ಕೋಣೆಯಲ್ಲಾದರೆ, ನಿಮ್ಮ ತಂಗಿ ಅಲ್ಲೇ ಇರುವುದು ಗಾಬರಿಯಲ್ಲಿ ದಾರಿ ಹಿಡಿಯುವುದಕ್ಕಿಂತ ಕ್ಷೇಮ. ಇಲ್ಲದಿದ್ದರೆ ಅಜ್ಜಿಯ ಮಕ್ಕಳ ಹತ್ತಿರ ಅವಳು ನೇರವಾಗಿ ಮಾತಾಡಲಿ: ನನ್ನನ್ನೂ ಅಮ್ಮನನ್ನೂ ಅಂಥ ಕೋಣೆ ಇರುವ ಕಡೆಗೆ ಕರೆದೊಯ್ಯಿರಿ ಎಂದು. ಹೀಗೆ ಕೇಳುವುದು ಅವಳ ಹಕ್ಕು. ಒಪ್ಪದಿದ್ದರೆ ಹೊರಡಲಿ. ಅಜ್ಜಿಗೆ ಮಕ್ಕಳಿದ್ದಾರೆ.

2025ರ ಜೂನ್ 13ರಂದು ಇಸ್ರೇಲ್–ಇರಾನ್ ಯುದ್ಧ ಶುರುವಾದಾಗ ವಿಮಾನ ನಿಂತವು. ಬರಬೇಕೆಂದವರು ರಸ್ತೆಯಲ್ಲಿ ಜೋರ್ಡಾನ್, ಈಜಿಪ್ಟ್ ಗಡಿ ದಾಟಿ ಬಂದರು. ಇರಾನಿನ ಕಡೆಯಿಂದ ಆರ್ಮೇನಿಯಾ ಮೂಲಕ ಬಂದವರಿದ್ದರು. ಅಲ್ಲಿ ಓದಲು ಹೋಗಿದ್ದ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಕ್ಕಳ ಮನೆಯವರೂ ನಿಮ್ಮ ಹಾಗೆಯೇ ಫೋನು ಹಿಡಿದು ಕೂತಿದ್ದರು. ಆಪರೇಷನ್ ಸಿಂಧುವಿನಲ್ಲಿ ಎರಡೂ ದೇಶಗಳಿಂದ 4,400ಕ್ಕೂ ಹೆಚ್ಚು ಜನ ಬಂದರು. ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನು ಬರೆಸಿದ್ದವರನ್ನು ಹುಡುಕುವುದು ಸುಲಭವಾಗಿತ್ತು. ತಂಗಿ ಇರುವುದಾದರೂ ಸರಿ, ಹೆಸರು ಬರೆಸಿಯೇ ಇರಲಿ.

ಪ್ರಶ್ನೆ: ವಿಮಾನದ ಪಟ್ಟಿಯಲ್ಲಿ ಅಣ್ಣನ ಹೆಸರು ಸೇರಿಸಲು ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಹಣ ಕೇಳುತ್ತಿದ್ದಾರೆ. ಕೊಡಲೇ? — *ಬೈಲಹೊಂಗಲ*

ಕೊಡಬೇಡಿ. ಸಂಕಟದಲ್ಲಿರುವವರು ಯಾವ ಕಡ್ಡಿ ಸಿಕ್ಕರೂ ಹಿಡಿಯುತ್ತಾರೆ, ಅದಕ್ಕೇ ಇಂಥವರು ಈ ಹೊತ್ತನ್ನು ಕಾಯುತ್ತಾರೆ. ಗಂಗಾ, ಕಾವೇರಿ, ಅಜಯ್, ಸಿಂಧು ಕಾರ್ಯಾಚರಣೆಗಳಲ್ಲಿ ಸರ್ಕಾರ ಕಳಿಸಿದ ವಿಮಾನಗಳಿಗೆ ಪ್ರಯಾಣಿಕರಿಂದ ದುಡ್ಡು ಪಡೆದಿಲ್ಲ. ಹೆಸರು ಬರೆಸುವುದು ರಾಯಭಾರ ಕಚೇರಿಯಲ್ಲಿ ಮಾತ್ರ. ಈಗಾಗಲೇ ಹಣ ಹಾಕಿದ್ದರೆ ತಡ ಮಾಡದೆ 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಫೋನ್ ಮಾಡಿ.

ಪ್ರಶ್ನೆ: ನಾವು ನೇಕಾರರು. ಮಗ ಕೊಲ್ಲಿ ದೇಶದಲ್ಲಿ ಡ್ರೈವರ್. ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇದೆ. ಹೋಗುವಾಗ ಏಜೆಂಟನಿಗೆ ಕೊಡಲು ಸಂಘದಲ್ಲಿ ಸಾಲ ಮಾಡಿದ್ದು ಇನ್ನೂ ತೀರಿಲ್ಲ. ಯುದ್ಧದ ಸುದ್ದಿ ಕೇಳಿ ಬಾ ಅಂದರೆ ‘ಏನೂ ಆಗಂಗಿಲ್ಲ ಬಿಡವಾ’ ಅಂತ ನಗುತ್ತಾನೆ. ಆ ನಗು ಕೇಳಿದರೆ ನನಗೆ ಇನ್ನೂ ಹೆದರಿಕೆ. — *ತಾಯಿ, ರಾಮದುರ್ಗ ತಾಲ್ಲೂಕು*

ಅವ್ವಾ, ಆ ನಗು ನನಗೆ ಗೊತ್ತು. ಹಿಂದೆ ನಾನೂ ಹಾಗೇ ನಕ್ಕಿದ್ದೆ.

1990ರಲ್ಲಿ ಕುವೈತಿನ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಜುಲೈ ಕೊನೆಗೆ ಇರಾಕಿನ ಸೈನ್ಯ ಗಡಿಯಲ್ಲಿದೆ ಎಂದು ರೇಡಿಯೋ ಹೇಳುತ್ತಿದ್ದಾಗ, ಮನೆಗೆ ಫೋನ್ ಮಾಡಿ ‘ಏನೂ ಆಗಂಗಿಲ್ಲ’ ಎಂದಿದ್ದೆ. ಮೂರು ತಿಂಗಳ ಸಂಬಳ ಬರಬೇಕಿತ್ತು. ಬರಿಗೈಲಿ ಊರಿಗೆ ಹೋಗಿ ಸಾಲ ಕೊಟ್ಟವರ ಮುಂದೆ ನಿಲ್ಲುವುದು ಸೈನ್ಯಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು. ಆಗಸ್ಟ್ 2ರ ಬೆಳಗ್ಗೆ ರಸ್ತೆಯಲ್ಲಿ ಟ್ಯಾಂಕು ನಿಂತಿದ್ದವು. ಪಾಸ್‌ಪೋರ್ಟ್ ಮಾಲೀಕರ ಕಪಾಟಿನಲ್ಲಿ, ಮಾಲೀಕರು ಬೇಸಿಗೆ ಕಳೆಯಲು ಬೇರೆ ದೇಶದಲ್ಲಿ. ಫೋನು ಸತ್ತಿತ್ತು. ಕೂಡಿಟ್ಟ ದಿನಾರಿಗೆ ಕೆಲವೇ ವಾರಗಳಲ್ಲಿ ಬೆಲೆ ಇಲ್ಲದಾಯಿತು. ಸಂಬಳಕ್ಕೆಂದು ಕಾದವನಿಗೆ ಸಂಬಳವೂ ಬರಲಿಲ್ಲ. ಬಸ್ರಾ, ಬಾಗ್ದಾದ್, ಮರಳುಗಾಡಿನ ಡೇರೆ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದೆ. ಸುಮಾರು ಎರಡು ತಿಂಗಳಲ್ಲಿ ಹಾಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಬೈಲಹೊಂಗಲದ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒಂದು ಚೀಲ. ಅವ್ವ ಸಾಲದ ಮಾತೇ ಎತ್ತಲಿಲ್ಲ. ಎತ್ತುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಜುಲೈಯಲ್ಲೇ ಬರುತ್ತಿದ್ದೆ.

ಹೀಗಾಗಿ ‘ಬಾ’ ಅನ್ನುವ ಒಂದು ಮಾತು ಸಾಲದು. ‘ಸಂಘದ ಸಾಲ ನಮ್ಮ ತಲೆ ಮ್ಯಾಲೆ ಇರಲಿ, ಮಗ್ಗ ಐತಿ, ಹೆಂಗಾದ್ರೂ ತೀರಸ್ತೀವಿ. ನೀ ಯಾವತ್ತು ಬಂದ್ರೂ ಯಾರೂ ಏನೂ ಕೇಳಂಗಿಲ್ಲ’ ಎಂದು ಬಿಡಿಸಿ ಹೇಳಿ. ಅವರಪ್ಪನ ಬಾಯಿಂದಲೂ ಹೇಳಿಸಿ. ಸಂಘಕ್ಕೆ ಹೋಗಿ ಕಂತು ಮುಂದೂಡಲು ಈಗಲೇ ಅರ್ಜಿ ಕೊಡಿ, ಕೊಟ್ಟ ಮೇಲೆ ಮಗನಿಗೂ ತಿಳಿಸಿ. ಬರುವುದು ಬಿಡುವುದು ಆಮೇಲೆ ಅವನೇ ನೋಡಿಕೊಳ್ಳಲಿ. ಅಲ್ಲಿನ ಹವಾ ಅವನಿಗೆ ಗೊತ್ತು.

ಪಾಸ್‌ಪೋರ್ಟಿನ ಬಗ್ಗೆ ಹೆದರಬೇಡಿ. ಕೆಲಸಗಾರರ ಪಾಸ್‌ಪೋರ್ಟನ್ನು ಕಫೀಲ್ (ವೀಸಾ ಕೊಡಿಸಿದ ಮಾಲೀಕ) ಇಟ್ಟುಕೊಳ್ಳುವುದು ಕೊಲ್ಲಿಯ ಬಹುಪಾಲು ದೇಶಗಳ ಕಾನೂನಿಗೇ ವಿರುದ್ಧ. ಜಗಳವಾಡದೆ, ‘ಬ್ಯಾಂಕಿನ ಕೆಲಸಕ್ಕೆ ಬೇಕು’ ಎಂದು ಒಂದು ಸಲ ಕೇಳಿ ಪಡೆಯಲಿ. ಸಿಗದಿದ್ದರೂ ಅದರ ಮೊದಲ ಹಾಗೂ ಕೊನೆಯ ಪುಟದ ಫೋಟೋ ನಿಮ್ಮ ಫೋನಿಗೆ ಕಳಿಸಿರಲಿ. ಅದಿದ್ದರೆ ರಾಯಭಾರ ಕಚೇರಿಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ (ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳಲು ಮಾತ್ರ ಕೊಡುವ ಪತ್ರ) ಪಡೆಯುವುದು ಬೇಗ ಆಗುತ್ತದೆ. ಕೆಲವು ದೇಶಗಳಲ್ಲಿ ಹೊರಡಲು ಮಾಲೀಕರ ಒಪ್ಪಿಗೆಯೂ ಬೇಕು. ಕುವೈತಿನಲ್ಲಿ ಖಾಸಗಿ ಕಂಪನಿಯ ಕೆಲಸಗಾರರಿಗೆ 2025ರ ಜುಲೈ 1ರಿಂದ ಎಕ್ಸಿಟ್ ಪರ್ಮಿಟ್ (ದೇಶ ಬಿಡುವ ಪರವಾನಗಿ) ಕಡ್ಡಾಯವಾಗಿದೆ. ತಾನಿರುವ ದೇಶದಲ್ಲಿ ಏನು ನಿಯಮ ಎಂದು, ಪರಿಸ್ಥಿತಿ ಶಾಂತವಿರುವಾಗಲೇ ಮಗ ಕೇಳಿ ತಿಳಿದುಕೊಳ್ಳಲಿ.

ಇವತ್ತು ರಾತ್ರಿ ಅವನು ಫೋನ್ ಮಾಡಿದಾಗ, ಊಟ ಆಯ್ತೇನಪಾ ಎಂದು ಕೇಳಿದ ಮೇಲೆ ಮೊದಲು ಸಾಲದ ಮಾತು ಹೇಳಿ. ಆಮೇಲೆ ಪಾಸ್‌ಪೋರ್ಟಿನ ಫೋಟೋ ಕೇಳಿ.