ಆಟವನ್ನು ರಚಿಸುವವರ ಹೊಣೆ

ಮಕ್ಕಳ ಬೆಳವಣಿಗೆಗೆ ಆಟವು ಅನ್ನದಷ್ಟೇ ಅವಶ್ಯವೆಂಬುದನ್ನು ತಾಯಿತಂದೆಗಳಿಗೆ ಹೇಳಬೇಕಾದುದಿಲ್ಲ. ಚೌಕಾಬಾರದಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಆಟವು ಮುಗಿಯಿತು. ಆಡಿದವರು ಎದ್ದು ತಂತಮ್ಮ ಕೆಲಸಕ್ಕೆ ಹೋಗುವರು. ಈಗಿನ ವಿಡಿಯೋ ಆಟಗಳಲ್ಲಿ ಅನೇಕವುಗಳಿಗೆ ಇಂಥ ಮುಕ್ತಾಯವೇ ಇಲ್ಲ. ಆದುದರಿಂದ ಆಡುವವರ ಕ್ಷೇಮವು ಅವರ ಮನೋನಿಗ್ರಹವನ್ನು ಹೇಗೋ ಹಾಗೆಯೇ ಆಟವನ್ನು ರಚಿಸಿದವರ ಧರ್ಮಬುದ್ಧಿಯನ್ನೂ ಅವಲಂಬಿಸಿರುವುದು.

ಇದಕ್ಕೊಂದು ನಿದರ್ಶನವುಂಟು. ಅಮೇರಿಕದ ಬ್ಲಿಝರ್ಡ್ ಕಂಪೆನಿಯು 2004ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವನ್ನು ಹೊರತಂದಿತು. ಅದರ ಪರೀಕ್ಷಾಕಾಲದಲ್ಲಿ, ಬಹಳ ಹೊತ್ತು ಆಡಿದವರಿಗೆ ಶತ್ರುಗಳನ್ನು ಗೆದ್ದಾಗ ದೊರೆಯುವ ಅಂಕಗಳು ಅರ್ಧಕ್ಕಿಳಿಯುವಂತೆ ನಿಯಮವಿತ್ತು. ಆಟಗಾರರು ಇದನ್ನು ದಂಡನೆಯೆಂದು ಬಗೆದು ಗೊಣಗಿದರು. ಆಗ ರಚನಕಾರರು ಅದನ್ನೇ ತಿರುಗಿಸಿ, ಆಟವನ್ನು ಬಿಟ್ಟು ವಿಶ್ರಮಿಸಿ ಬಂದವರಿಗೆ ಇಮ್ಮಡಿ ಅಂಕಗಳೆಂದು ಸಾರಿದರು. ಗೊಣಗಾಟವು ನಿಂತಿತು. ವಿಶ್ರಾಂತಿಯನ್ನು ಪ್ರಿಯವಾಗುವಂತೆ ಮಾಡುವ ಶಕ್ತಿಯು ರಚನಕಾರರ ಕೈಯಲ್ಲಿದೆಯೆಂಬುದು ಇದರಿಂದ ತಿಳಿದುಬರುತ್ತದೆ.

ಇದೇ ಶಕ್ತಿಯು ಕೇಡಿಗೂ ಬಳಸಲ್ಪಡುತ್ತದೆ. ಬಹುಮಾನವು ಯಾವಾಗ ದೊರೆಯುವುದೆಂದು ತಿಳಿಯದಿರುವಾಗ ಪ್ರಾಣಿಗಳು ಒಂದೇ ಕ್ರಿಯೆಯನ್ನು ಬಿಡದೆ ಮಾಡುತ್ತಲೇ ಇರುವುವೆಂದು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳಲ್ಲಿ ಕಂಡರು. ಹಣ ತೆತ್ತು ತೆರೆಯುವ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳು ಕೆಲವು ಆಟಗಳಲ್ಲಿ ಈ ತತ್ತ್ವದ ಮೇಲೆಯೇ ನಿಂತಿವೆ. ಇಂಥವು ಜೂಜಿನ ಕಾನೂನಿಗೆ ಒಳಪಟ್ಟವೆಂದು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ನಿರ್ಣಯಿಸಿದರು. 'ಫೋರ್ಟ್‌ನೈಟ್' ಆಟದ ಗುಂಡಿಗಳ ಗೊಂದಲದ ಏರ್ಪಾಡಿನಿಂದ ಆಟಗಾರರು ಬೇಡದ ವಸ್ತುಗಳಿಗೆ ಹಣ ತೆರುವಂತಾಯಿತೆಂದು ಅಮೇರಿಕದ ಸರಕಾರೀ ವ್ಯಾಪಾರ ಆಯೋಗವು 2022ರಲ್ಲಿ ಆಪಾದಿಸಲು, ಅದರ ಒಡೆಯರಾದ ಎಪಿಕ್ ಕಂಪೆನಿಯವರು ಹಿಂದಿರುಗಿಸುವುದಕ್ಕಾಗಿ 24 ಕೋಟಿ 50 ಲಕ್ಷ ಡಾಲರುಗಳನ್ನು ಕೊಡಲು ಒಪ್ಪಿದರು.

ಬಹಳ ಹೊತ್ತು ಆಡುವ ಮಕ್ಕಳೆಲ್ಲರೂ ರೋಗಿಗಳೆಂದು ಭಯಪಡಕೂಡದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿರುವುದು ನಿಜ. ಆದರೆ ಆಟದ ಮೇಲೆ ಹತೋಟಿ ತಪ್ಪಿ, ಉಳಿದೆಲ್ಲವೂ ಹಿಂದೆ ಬಿದ್ದು, ಹಾನಿಯಾದರೂ ಬಿಡಲಾಗದೆ ಸಾಮಾನ್ಯವಾಗಿ 12 ತಿಂಗಳು ಕಳೆದ ಸ್ಥಿತಿಗೇ ಆ ಹೆಸರು ಸಲ್ಲುತ್ತದೆ.

ಆಟವೊಂದನ್ನು ಮನೆಗೆ ತರುವ ಮೊದಲು ಹಿರಿಯರು ತಾವೇ ಸ್ವಲ್ಪ ಆಡಿ, ಈ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು:

1. ಊಟಕ್ಕೆ ಕರೆದಾಗ, ಗಳಿಸಿದುದನ್ನು ಕಳೆದುಕೊಳ್ಳದೆ ಆಟವನ್ನು ನಿಲ್ಲಿಸಬಹುದೇ?
2. ಒಂದು ದಿನ ಆಡದಿದ್ದರೆ ನಷ್ಟವಾಗುವುದೇ?
3. ಬೆಲೆಯು ರೂಪಾಯಿಗಳಲ್ಲಿ ಸ್ಪಷ್ಟವಾಗಿ ಕಾಣುವುದೇ, ಇಲ್ಲವೆ ಹುಸಿ ನಾಣ್ಯಗಳ ಮರೆಯಲ್ಲಿರುವುದೇ?
4. ಕೊಳ್ಳುವುದರಷ್ಟೇ ಸುಲಭವಾಗಿ ಕೊಂಡುದನ್ನು ರದ್ದುಮಾಡಬಹುದೇ?

ಹಳೆಯ ವಿದ್ಯಾರ್ಥಿನಿಯರಲ್ಲಿ ಗಣಕಶಾಸ್ತ್ರವನ್ನು ಕಲಿತು ಇಂಥ ಕೆಲಸಕ್ಕೆ ಸೇರುವವರೂ ಇರಬಹುದು. ಅಂಥ ಸೋದರಿಯರು ಇವೇ ಪ್ರಶ್ನೆಗಳನ್ನು ತಮ್ಮ ಮೇಜಿನ ಮೇಲಿಟ್ಟುಕೊಳ್ಳಲಿ. ಮಗುವನ್ನು ಎಷ್ಟು ಹೊತ್ತು ಹಿಡಿದಿಟ್ಟೆವೆಂಬುದರಿಂದಲ್ಲ, ಅದು ಎಷ್ಟು ಸಂತೋಷದಿಂದ ಎದ್ದು ಹೋಯಿತೆಂಬುದರಿಂದ ತಮ್ಮ ಕೆಲಸವನ್ನು ಅವರು ಅಳೆಯಲಿ.