ಪರದೆಯನ್ನು ದಾಖಲಿಸುವ ತಂತ್ರಾಂಶ: ಆಯ್ಕೆಯ ಕ್ರಮ

ಮುಂಬಯಿಯ ಉಪನಗರವಾದ ಪವಾಯಿಯಲ್ಲಿ, ಅದೇ ಹೆಸರಿನ ಕೆರೆಯ ಸಮೀಪದಲ್ಲಿ, 1958ರಲ್ಲಿ ಸ್ಥಾಪಿತವಾದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಆವರಣವಿದೆ. ಇಲ್ಲಿ ರೂಪುಗೊಂಡ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯು ಕಂಪ್ಯೂಟರ್ ಬೋಧನೆಗೆ ಒಂದು ಸರಳ ಮಾರ್ಗವನ್ನು ತೋರಿಸಿಕೊಟ್ಟಿತು. ರಸಾಯನ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ಧನಸಹಾಯದಿಂದ ಬೆಳೆದ ಈ ಯೋಜನೆಯಲ್ಲಿ ಕರಿಹಲಗೆಯೂ ಇಲ್ಲ, ಅಧ್ಯಾಪಕರ ಮುಖವೂ ಕಾಣುವುದಿಲ್ಲ. ಬಲ್ಲವರೊಬ್ಬರು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತ ಅದನ್ನು ವಿವರಿಸುತ್ತಾರೆ. ಪರದೆಯ ಮೇಲಿನ ಚಲನೆ ಮತ್ತು ವಿವರಣೆಯ ಧ್ವನಿ ಸುಮಾರು ಹತ್ತು ನಿಮಿಷಗಳ ಪಾಠವಾಗಿ ದಾಖಲಾಗುತ್ತದೆ.

ಇಂದು ಕಚೇರಿ, ಬ್ಯಾಂಕು, ಶಾಲೆ, ಸಹಕಾರ ಸಂಘಗಳಲ್ಲೂ ಇಂತಹ ದಾಖಲೆಯ ಅಗತ್ಯ ಕಂಡುಬರುತ್ತಿದೆ. ಹೊಸದಾಗಿ ಸೇರಿದ ಸಿಬ್ಬಂದಿಗೆ ಕೆಲಸ ಕಲಿಸಲು, ಯಂತ್ರ ತೋರಿಸಿದ ದೋಷಸಂದೇಶವನ್ನು ತಜ್ಞರಿಗೆ ಕಳುಹಿಸಲು, ಪರದೆಯನ್ನು ಇದ್ದಂತೆಯೇ ಸೆರೆಹಿಡಿಯಬೇಕಾಗುತ್ತದೆ. ಇದಕ್ಕಾಗಿ ಲಭ್ಯವಿರುವ ತಂತ್ರಾಂಶಗಳು ಅನೇಕ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಪವಾಯಿಯ ಅನುಭವ ಉತ್ತಮ ಮಾರ್ಗದರ್ಶನ ನೀಡುತ್ತದೆ.

ಮೊದಲು ಉದ್ದೇಶ

ಪರದೆಯ ದಾಖಲೆಯಲ್ಲಿ ಎರಡು ಬಗೆ: ಸ್ಥಿರಚಿತ್ರ ಮತ್ತು ಚಲನದೃಶ್ಯ. ದೋಷಸಂದೇಶವನ್ನು ತೋರಿಸಲು ಸ್ಥಿರಚಿತ್ರವೊಂದೇ ಸಾಕು. ಇದಕ್ಕೆ ಬಹುತೇಕ ಏನನ್ನೂ ಕೊಳ್ಳಬೇಕಾಗಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ 2007ರ ವಿಸ್ಟಾ ಆವೃತ್ತಿಯಿಂದಲೇ 'ಸ್ನಿಪ್ಪಿಂಗ್ ಟೂಲ್' ಒಳಗೊಂಡಿದೆ. ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ 2022ರ 42ನೆಯ ಆವೃತ್ತಿಯಿಂದ ಸ್ಥಿರಚಿತ್ರ, ಚಲನದೃಶ್ಯ ಎರಡನ್ನೂ ಒಂದೇ ಉಪಕರಣದಿಂದ ಪಡೆಯಬಹುದು. ಚಿತ್ರದ ಮೇಲೆ ಬಾಣದ ಗುರುತು, ಕ್ರಮಸಂಖ್ಯೆಗಳನ್ನು ಹಾಕಬೇಕಾದಾಗ ವಿಂಡೋಸ್‌ನಲ್ಲಿ ಶೇರ್‌ಎಕ್ಸ್, ಲಿನಕ್ಸ್‌ನಲ್ಲಿ ಫ್ಲೇಮ್‌ಶಾಟ್ ಮೊದಲಾದ ಮುಕ್ತ ತಂತ್ರಾಂಶಗಳು ನೆರವಾಗುತ್ತವೆ. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕಲಿಸಬೇಕಾದಾಗ ಮಾತ್ರ ಚಲನದೃಶ್ಯವನ್ನು ದಾಖಲಿಸುವ ತಂತ್ರಾಂಶ ಅಗತ್ಯವಾಗುತ್ತದೆ.

ಪವಾಯಿಯ ಪದ್ಧತಿ

ಸ್ಪೋಕನ್ ಟ್ಯುಟೋರಿಯಲ್ ತಂಡದವರು ದಾಖಲಿಸುವ ಮೊದಲೇ ಪಾಠದ ಬರಹವನ್ನು ಸಿದ್ಧಪಡಿಸುತ್ತಿದ್ದರು. ಅದರಲ್ಲಿ ಎರಡು ಅಂಕಣಗಳು: ಒಂದರಲ್ಲಿ ಪರದೆಯ ಮೇಲೆ ನಡೆಯಬೇಕಾದ ಕ್ರಿಯೆ, ಇನ್ನೊಂದರಲ್ಲಿ ಆಗ ಹೇಳಬೇಕಾದ ಮಾತು. ದಾಖಲಿಸಲು ಲಿನಕ್ಸ್‌ನಲ್ಲಿ 'ರೆಕಾರ್ಡ್‌ಮೈಡೆಸ್ಕ್‌ಟಾಪ್', ವಿಂಡೋಸ್‌ನಲ್ಲಿ 'ಕ್ಯಾಮ್‌ಸ್ಟುಡಿಯೋ' ಹಾಗೂ ಧ್ವನಿಯನ್ನು ತಿದ್ದಲು 'ಅಡಾಸಿಟಿ' ಬಳಕೆಯಲ್ಲಿದ್ದವು. ಇವು ಮೂರೂ ಹಣ ಕೊಡದೆ ದೊರೆಯುವಂತಹವು. ಆದುದರಿಂದ ಊರಿನ ಕಾಲೇಜಿನ ಅಧ್ಯಾಪಕರೂ ಅದೇ ಉಪಕರಣಗಳಿಂದ ಪಾಠ ರಚಿಸಲು ಸಾಧ್ಯವಾಯಿತು.

ಇದಕ್ಕಿಂತ ಮಹತ್ವದ ಅಂಶ ಇನ್ನೊಂದಿದೆ. ಒಮ್ಮೆ ದಾಖಲಿಸಿದ ದೃಶ್ಯವನ್ನು ಹಾಗೆಯೇ ಉಳಿಸಿಕೊಂಡು, ಅದರ ಇಂಗ್ಲಿಷ್ ಧ್ವನಿಯ ಸ್ಥಾನದಲ್ಲಿ ಬೇರೆ ಭಾಷೆಯ ಧ್ವನಿಯನ್ನು ಜೋಡಿಸಲಾಯಿತು. ಹೀಗೆ ಈ ಪಾಠಗಳು ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳಲ್ಲಿ ಕೇಳಿಬಂದವು. ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಮಾತ್ರ ಬದಲಿಸಲಿಲ್ಲ. ಏಕೆಂದರೆ ಕಲಿತವರು ಉದ್ಯೋಗಕ್ಕೆ ಸೇರಿದಾಗ ಎದುರಿಸುವುದು ಅದೇ ಪದಗಳನ್ನು. ಚಿತ್ರ ಮತ್ತು ಧ್ವನಿಯನ್ನು ಬೇರ್ಪಡಿಸಲಾಗದ ತಂತ್ರಾಂಶವನ್ನು ಆರಿಸಿದ್ದರೆ ಪ್ರತಿ ಭಾಷೆಗೂ ಇಡೀ ಪಾಠವನ್ನು ಹೊಸದಾಗಿ ದಾಖಲಿಸಬೇಕಾಗುತ್ತಿತ್ತು. ಕನ್ನಡದ ಕಲಿಕೆದಾರನಿಗೆ ಪಾಠ ತಲುಪಿತೇ ಇಲ್ಲವೇ ಎಂಬುದು ಹೀಗೆ ಉಪಕರಣದ ಒಂದು ಗುಣವನ್ನು ಅವಲಂಬಿಸಿತ್ತು.

ತಂತ್ರಾಂಶದ ಆಯುಸ್ಸು

ತಂತ್ರಾಂಶಗಳಿಗೂ ಮುಪ್ಪು ಬರುತ್ತದೆ. ರೆಕಾರ್ಡ್‌ಮೈಡೆಸ್ಕ್‌ಟಾಪ್ ಲಿನಕ್ಸ್‌ನ ಹಳೆಯ 'ಎಕ್ಸ್' ಪರದೆ ವ್ಯವಸ್ಥೆಗಾಗಿ ರಚಿತವಾದುದು. ಅನಂತರ ಬಂದ 'ವೇಲ್ಯಾಂಡ್' ವ್ಯವಸ್ಥೆಯಲ್ಲಿ ಒಂದು ತಂತ್ರಾಂಶವು ಬಳಕೆದಾರನ ಅನುಮತಿಯಿಲ್ಲದೆ ಇಡೀ ಪರದೆಯನ್ನು ನೋಡುವಂತಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯದಾದರೂ ಹಳೆಯ ಉಪಕರಣಗಳು ಇದರಿಂದ ನಿರುಪಯುಕ್ತವಾದವು. 2012ರಲ್ಲಿ ಆರಂಭವಾದ 'ಒಬಿಎಸ್' ಎಂಬ ಮುಕ್ತ ತಂತ್ರಾಂಶವು ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆದರೆ ಹಳೆಯ ಉಪಕರಣದಿಂದ ದಾಖಲಿಸಿದ ಕಡತಗಳು ವ್ಯರ್ಥವಾಗಲಿಲ್ಲ; ಅವು ಎಲ್ಲರೂ ತೆರೆಯಬಹುದಾದ 'ಓಗ್' ಎಂಬ ಮುಕ್ತ ರೂಪದಲ್ಲಿದ್ದವು. ತನ್ನದೇ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಕಡತವನ್ನು ನೀಡುವ ಉಪಕರಣ ಎಷ್ಟೇ ಆಕರ್ಷಕವಾಗಿದ್ದರೂ ಅದನ್ನು ದೂರವಿಡುವುದು ಲೇಸು.

ಗಾತ್ರ ಮತ್ತು ಸ್ಪಷ್ಟತೆ

ಅಡ್ಡಲಾಗಿ 1920, ಲಂಬವಾಗಿ 1080 ಬಿಂದುಗಳಿರುವ ಪರದೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್‌ಗಳಂತೆ ಒಂದು ಚಿತ್ರಕ್ಕೆ ಸುಮಾರು 62 ಲಕ್ಷ ಬೈಟ್‌ಗಳು ಬೇಕು. ಸೆಕೆಂಡಿಗೆ 30 ಚಿತ್ರಗಳಂತೆ ಹತ್ತು ನಿಮಿಷದ ಪಾಠವನ್ನು ಇದ್ದಂತೆಯೇ ಉಳಿಸಿದರೆ ಅದು ಸುಮಾರು 112 ಗಿಗಾಬೈಟ್ ಆಗುತ್ತದೆ. ತಂತ್ರಾಂಶವು ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಟ್ಟುಕೊಂಡು ಇದನ್ನು ಕುಗ್ಗಿಸುತ್ತದೆ. ಕಚೇರಿಯ ಪಾಠಗಳಲ್ಲಿ ಪರದೆ ಬಹಳ ಹೊತ್ತು ಬದಲಾಗದೆ ಇರುವುದರಿಂದ ಸೆಕೆಂಡಿಗೆ 5ರಿಂದ 10 ಚಿತ್ರಗಳು ಸಾಕಾಗುತ್ತವೆ. ಈ ಸಂಖ್ಯೆಯನ್ನು ಹೊಂದಿಸಲು ತಂತ್ರಾಂಶ ಅವಕಾಶ ನೀಡಬೇಕು.

ಸ್ಥಿರಚಿತ್ರಕ್ಕೆ ಪಿಎನ್‌ಜಿ ರೂಪ ಉತ್ತಮ. ಅದರಲ್ಲಿ ಅಕ್ಷರಗಳ ಅಂಚು ಇದ್ದಂತೆಯೇ ಉಳಿಯುತ್ತದೆ. ಛಾಯಾಚಿತ್ರಕ್ಕೆ ಹೊಂದುವ ಜೆಪೆಗ್ ರೂಪದಲ್ಲಿ ಅಕ್ಷರಗಳ ಅಂಚು ಮಸುಕಾಗುತ್ತದೆ. ಒತ್ತಕ್ಷರ, ಗುಣಿತಗಳಿರುವ ಕನ್ನಡ ಲಿಪಿಯಲ್ಲಿ ಈ ಮಸುಕು ಓದಿಗೆ ಹೆಚ್ಚು ಅಡ್ಡಿಯಾಗುತ್ತದೆ.

ಗೋಪ್ಯತೆ

ಪರದೆಯನ್ನು ಸೆರೆಹಿಡಿಯುವಾಗ ಬೇಕಾದುದರ ಜೊತೆಗೆ ಬೇಡವಾದುದೂ ಸೇರಿಕೊಳ್ಳುತ್ತದೆ. ಮೂಲೆಯಲ್ಲಿ ತೆರೆದಿರುವ ಗ್ರಾಹಕರ ಖಾತೆಸಂಖ್ಯೆ, ನಡುವೆ ಮೂಡಿಬಂದ ಖಾಸಗಿ ಸಂದೇಶ ಇವೆಲ್ಲ ಅಪರಿಚಿತರ ಕೈಸೇರಬಹುದು. ಚಿತ್ರವನ್ನು ಕತ್ತರಿಸಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಕತ್ತರಿಸಿ ಅದೇ ಕಡತದ ಮೇಲೆ ಉಳಿಸಿದ ಚಿತ್ರಗಳಲ್ಲಿ ತೆಗೆದುಹಾಕಿದ ಭಾಗದ ಅಂಶಗಳು ಉಳಿದಿರುತ್ತಿದ್ದವೆಂಬುದು 2023ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದಿತು. ಗೂಗಲ್‌ನ ಪಿಕ್ಸೆಲ್ ದೂರವಾಣಿಗಳಲ್ಲೂ ಇಂತಹುದೇ ದೋಷ ಕಂಡುಬಂದಿತ್ತು. ಎರಡನ್ನೂ ಅನಂತರ ಸರಿಪಡಿಸಲಾಯಿತು. ಆದುದರಿಂದ ಕಾಲಕಾಲಕ್ಕೆ ಪರಿಷ್ಕರಣೆ ದೊರೆಯುವ ತಂತ್ರಾಂಶವನ್ನೇ ಆರಿಸಬೇಕು. ಗೋಪ್ಯ ಭಾಗವನ್ನು ಮಸುಕುಗೊಳಿಸುವುದಕ್ಕಿಂತ ಗಾಢವಾದ ಕಪ್ಪು ಪಟ್ಟಿಯಿಂದ ಮುಚ್ಚುವುದು, ಅದಕ್ಕಿಂತಲೂ ದಾಖಲಿಸುವ ಮುನ್ನವೇ ಕಲ್ಪಿತ ಹೆಸರು, ಸಂಖ್ಯೆಗಳನ್ನು ಬಳಸುವುದು ಸುರಕ್ಷಿತ.

ಸೆರೆಹಿಡಿದ ಚಿತ್ರವನ್ನು ತಾನಾಗಿಯೇ ಅಂತರಜಾಲಕ್ಕೆ ಕಳುಹಿಸುವ ಸೌಲಭ್ಯ ಕೆಲವು ತಂತ್ರಾಂಶಗಳಲ್ಲಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಅದನ್ನು ಮೊದಲ ದಿನವೇ ನಿಲ್ಲಿಸಬೇಕು. ನಿಲ್ಲಿಸಲು ಬಾರದಿದ್ದರೆ ಆ ತಂತ್ರಾಂಶ ಕಚೇರಿಗೆ ತಕ್ಕುದಲ್ಲ.

ಕೊನೆಯ ಪರೀಕ್ಷೆ

ಆರಿಸಿದ ತಂತ್ರಾಂಶವನ್ನು ಅದರ ನಿರ್ಮಾಪಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಮನೆಬಳಕೆಗೆ ಉಚಿತವಾದುದು ಕಚೇರಿಗೂ ಉಚಿತವೇ ಎಂಬುದನ್ನು ಪರವಾನಗಿಯಲ್ಲಿ ಓದಿ ತಿಳಿಯಬೇಕು. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿದೆ. ಅನಂತರ ಕಚೇರಿಯ ಅತ್ಯಂತ ಹಳೆಯ ಯಂತ್ರದಲ್ಲಿ ಹತ್ತು ನಿಮಿಷದ ಪಾಠವೊಂದನ್ನು ದಾಖಲಿಸಿ, ಚಿತ್ರಕ್ಕೂ ಧ್ವನಿಗೂ ಹೊಂದಾಣಿಕೆ ತಪ್ಪಿಲ್ಲವೆಂಬುದನ್ನು ನೋಡಬೇಕು.

ಪವಾಯಿಯ ತಂಡವು ಪಾಠದ ಬರಹವನ್ನು ಆ ವಿಷಯ ಅರಿಯದ ಒಬ್ಬರಿಂದ ಪರೀಕ್ಷೆ ಮಾಡಿಸುತ್ತಿತ್ತು. ಕಚೇರಿಯೂ ಇದನ್ನೇ ಅನುಸರಿಸಬಹುದು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದವರು ಆ ದಾಖಲೆಯನ್ನು ನೋಡಿ, ಯಾರನ್ನೂ ಕೇಳದೆ ಕೆಲಸವನ್ನು ಮುಗಿಸಿದರೆ ಆಯ್ಕೆ ಸರಿಯಾಗಿದೆ ಎಂದೇ ತಿಳಿಯಬಹುದು.