ಪೋರ್ಟಿನ ನಂಬರು, ವಯರಿನ ಊರು

ಪ್ರೀತಿಯ ಅಳಿಯನಿಗೆ,

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಆಫೀಸುಗಳ ಇಂಟರ್‌ಕಾಮ್ ನೋಡಿಕೊಳ್ಳುವ ಕೆಲಸ ನಿನಗೆ ಸಿಕ್ಕಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. "ಈಗ ಎಲ್ಲ ಲ್ಯಾಪ್‌ಟಾಪಿನಲ್ಲೇ ಕಾಣುತ್ತದಂತೆ. ಬಿ.ಸಿ. ರೋಡಿನಲ್ಲಿ ಕೂತೇ ಬೆಳ್ತಂಗಡಿಯ ಕೆಟ್ಟ ಪೋರ್ಟು ಹಿಡಿಯುತ್ತಾನಂತೆ" ಎಂದೂ ಅಂದಳು. ಹಿಡಿಯಬಹುದು ಮಾರಾಯ. ಆದರೆ ಕೂತಲ್ಲಿಂದಲೇ ಹಿಡಿಯಲು ಹೋಗಿ ನಾನು ಸೋತ ಒಂದು ಕಥೆ ಉಂಟು. ನಿನ್ನ ಹಾಗೆ ಈ ಕೆಲಸಕ್ಕೆ ಇಳಿದ ಬೇರೆ ಮಕ್ಕಳೂ ಓದಲಿ ಎಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ಮೋಡೆಮ್ ಹಾಕಿ ಕಿರ್ ಕಿರ್ ಸದ್ದಿನಲ್ಲಿ ಲಾಗಿನ್ ಆಗುತ್ತಿದ್ದ ಕಾಲ. ಅಕ್ಟೋಬರಿನ ಒಂದು ಸಂಜೆ, ಗುಡುಗು ನಿಂತ ಮೇಲೆ ಬೆಳ್ತಂಗಡಿ ಕಡೆಯ ಒಂದು ಸಂಸ್ಥೆಯಿಂದ ಫೋನು: ಮೂರು ಎಕ್ಸ್‌ಟೆನ್ಷನ್ ಸತ್ತಿವೆ. ಪಟ್ಟಿ ತೆಗೆದು ನೋಡಿದೆ. ಪೋರ್ಟು 11, 19, 30. ಕಾರ್ಡಿಗೆ ಎಂಟೆಂಟು ಪೋರ್ಟು. ಅಂದರೆ ಮೂರೂ ಬೇರೆ ಬೇರೆ ಕಾರ್ಡಿನವು. ಸಿಡಿಲಿಗೆ ಮೂರು ಕಾರ್ಡೂ ಪೆಟ್ಟು ತಿಂದಿವೆ ಎಂದು ತೀರ್ಮಾನಿಸಿ, ಮೂರು ಹೊಸ ಕಾರ್ಡು ಚೀಲಕ್ಕೆ ತುಂಬಿ, ಮರುದಿನ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಹೋದೆ. ಬದಲಿಸಿದೆ. ಮೂರರಲ್ಲೂ ಡಯಲ್ ಟೋನ್ ಬಂತು. ಚಾ ಕುಡಿದು ದೊಡ್ಡ ಜನದ ಹಾಗೆ ವಾಪಸಾದೆ.

ಮುಂದಿನ ವಾರ ಮತ್ತೆ ಗುಡುಗು, ಮತ್ತೆ ಫೋನು. ಸತ್ತದ್ದು ಅವೇ 11, 19, 30.

ಆವತ್ತು ಕಾರ್ಡು ಬಿಟ್ಟು ವಯರಿನ ಹಿಂದೆ ನಡೆದೆ. ಮೂರು ಜೋಡಿಯೂ ಒಂದೇ ಕೇಬಲಿನಲ್ಲಿ, ಅಡಿಕೆ ಮರದಿಂದ ಅಡಿಕೆ ಮರಕ್ಕೆ ಹಾರಿ, ಹಿಂದಿನ ಕಟ್ಟಡಕ್ಕೆ ಹೋಗಿದ್ದವು. ಆ ಕೇಬಲಿಗೆ ಸಿಡಿಲು ತಡೆಯುವ ಗ್ಯಾಸ್ ಟ್ಯೂಬು, ಹೊರಗಿನ ವಯರೆಲ್ಲ ಬಂದು ಸೇರುವ ಎಂಡಿಎಫ್‌ನಲ್ಲಿ ಇತ್ತು. ಆದರೆ ಅದರ ಅರ್ತ್ ವಯರನ್ನು ಗೋಡೆಗೆ ಬಣ್ಣ ಬಳಿಯುವಾಗ ಯಾರೋ ಕತ್ತರಿಸಿ, ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದರು. ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಂಬರು ನೆಲದ ಮೇಲೆ ಒಂದೇ ಕೇಬಲು. ಯಂತ್ರಕ್ಕೆ ಪೋರ್ಟಿನ ನಂಬರು ಗೊತ್ತು, ವಯರಿನ ಊರು ಗೊತ್ತಿಲ್ಲ. ಅದನ್ನು ನೀನೇ ಬರೆದಿಡಬೇಕು.

ಹಾಗಾಗಿ ಪ್ರತಿ ಆಫೀಸಿಗೂ ಎರಡು ಪಟ್ಟಿ ಇಟ್ಟುಕೋ. ಒಂದು ಪೋರ್ಟಿನ ಕ್ರಮದಲ್ಲಿ, ಇನ್ನೊಂದು ಕಟ್ಟಡ ಮತ್ತು ಕೇಬಲಿನ ಕ್ರಮದಲ್ಲಿ. ಸತ್ತ ನಂಬರುಗಳು 9ರಿಂದ 16ರವರೆಗೆ ಸಾಲಾಗಿದ್ದರೆ ಕಾರ್ಡಿನ ಮೇಲೆ ಸಂಶಯ ಪಡು. ಚದುರಿದ್ದರೆ ಎರಡನೇ ಪಟ್ಟಿ ತೆರೆ. ಅದರಲ್ಲಿ ಅವು ಒಟ್ಟಿಗೆ ಕೂತಿದ್ದರೆ ಕಾರ್ಡಿಗೆ ಕೈ ಹಾಕಬೇಡ.

ಇನ್ನು ಒಂದೇ ಒಂದು ಪೋರ್ಟಿನ ದೂರು ಬಂದರೆ? ರಿಸೀವರ್ ಕೆಳಗಿರುವಾಗ ದೊಡ್ಡ ಎಕ್ಸ್‌ಚೇಂಜಿನ ಜೋಡಿ ವಯರಿನಲ್ಲಿ 48 ವೋಲ್ಟ್ ಡಿಸಿ ಇರುತ್ತದೆ. ಆಫೀಸಿನ ಸಣ್ಣ ಇಪಿಎಬಿಎಕ್ಸ್‌ಗಳಲ್ಲಿ ಕೆಲವು ಕಡೆ ಅದರ ಅರ್ಧ. ರಿಸೀವರ್ ಎತ್ತಿದಾಗ ಹತ್ತಾರು ಮಿಲಿಆಂಪ್ ಕರೆಂಟು ಹರಿಯುತ್ತದೆ. ಪೋರ್ಟು ಆ ಕರೆಂಟು ನೋಡಿಯೇ "ಎತ್ತಿದರು" ಎನ್ನುವುದು. ಹಾಗಾಗಿ ಮೊದಲ ಪರೀಕ್ಷೆಗೆ ಉಪಕರಣ ಬೇಡ, ಆಚೆ ಕಡೆ ಒಬ್ಬ ಮನುಷ್ಯ ಸಾಕು. ಮೊಬೈಲಿನಲ್ಲಿ ಮಾತಾಡುತ್ತಾ "ಈಗ ಎತ್ತಿ, ಈಗ ಇಡಿ" ಎನ್ನು. ಪರದೆಯಲ್ಲಿ ಸ್ಥಿತಿ ಬದಲಾದರೆ ವಯರು ಅಲ್ಲಿವರೆಗೆ ಸರಿ, ಪೋರ್ಟಿಗೂ ಕಣ್ಣುಂಟು. ಸುರುಳಿ ವಯರೋ ಹ್ಯಾಂಡ್‌ಸೆಟ್ಟೋ ಹೋಗಿರಬೇಕು. ಬದಲಾಗದಿದ್ದರೆ ಪಕ್ಕದ ಮೇಜಿನ ಒಳ್ಳೆಯ ಸೆಟ್ಟನ್ನು ಇಲ್ಲಿಗೆ ಹಾಕಿಸು. ಆಗಲೂ ಸತ್ತೇ ಇದ್ದರೆ ಎಂಡಿಎಫ್‌ನಲ್ಲಿ ಹೊರಗಿನ ಜೋಡಿ ಬಿಡಿಸಿ, ಅದೇ ಸೆಟ್ಟನ್ನು ನೇರ ಪೋರ್ಟಿಗೆ ಕೊಡಬೇಕು. ಟೋನ್ ಬಂದರೆ ವಯರು ಕೆಟ್ಟದ್ದು, ಬಾರದಿದ್ದರೆ ಪೋರ್ಟು. ಒಮ್ಮೆಗೆ ಒಂದನ್ನೇ ಬದಲಿಸು. ಎರಡು ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ನಿನಗೇ ಗೊತ್ತಾಗುವುದಿಲ್ಲ.

ಎಂಡಿಎಫ್ ಕೆಲಸ ಅಲ್ಲಿನ ಅಟೆಂಡರ್ ಕೈಯಲ್ಲಿ ಮಾಡಿಸುವುದಾದರೆ ಗುಡುಗು ಇರುವಾಗ ಬೇಡವೇ ಬೇಡ. ಗುಡುಗಿಲ್ಲದಾಗಲೂ ಎಚ್ಚರ: ಗಂಟೆ ಬಾರಿಸುವ ವೋಲ್ಟೇಜು ಎಪ್ಪತ್ತು ಎಂಬತ್ತು ಎಸಿ, ಚೆನ್ನಾಗಿಯೇ ಚುರುಕು ಮುಟ್ಟಿಸುತ್ತದೆ.

ಯಾರೂ ಎತ್ತದೆ ಪೋರ್ಟು ಸದಾ ಬಿಜಿ ತೋರಿಸಿದರೆ ಎರಡು ವಯರು ಎಲ್ಲೋ ತಾಗಿವೆ. ಇಲ್ಲವೇ ಯಾರೋ ಪುಸ್ತಕದ ಮೇಲೆ ರಿಸೀವರ್ ಇಟ್ಟು ಊಟಕ್ಕೆ ಹೋಗಿದ್ದಾರೆ. ಇಂಥ ಲೈನಿಗೆ ನಮ್ಮ ಕಾಲದಲ್ಲಿ "ಪಿಜಿ" ಎನ್ನುತ್ತಿದ್ದೆವು. ಒಂದು ಗಂಟೆ ಬಾರಿಸಿ ತಾನೇ ಕಟ್ಟಾದರೆ ಜೋಡಿಯಲ್ಲಿ ಪಸೆ ಉಂಟು. ಅಂಥ ಲೈನಿಗೆ ನಮ್ಮ ಹತ್ತಿರ ಮುಳ್ಳಿನ ಮೀಟರಿತ್ತು. ಓಮ್‌ನಲ್ಲಿಟ್ಟು ಜೋಡಿಗೆ ತಾಗಿಸಿದರೆ, ಆಚೆ ತುದಿಯ ಸೆಟ್ಟಿನೊಳಗೆ ಗಂಟೆಯ ಜೊತೆಗಿರುವ ಕೆಪಾಸಿಟರಿಗೆ ಮುಳ್ಳು ಒಮ್ಮೆ ಜಿಗಿದು ನಿಧಾನ ಹಿಂದೆ ಬರುತ್ತಿತ್ತು. ಜಿಗಿದು ಬಂತೆಂದರೆ ಸೆಟ್ಟಿನವರೆಗೆ ದಾರಿ ಸರಿ. ಜಿಗಿಯದಿದ್ದರೆ ನಡುವೆ ಕಡಿದಿದೆ. ಜಿಗಿದದ್ದು ವಾಪಸು ಬಾರದಿದ್ದರೆ ನೀರು.

1986ರಲ್ಲಿ ಕಿತ್ತೂರಿನಲ್ಲಿ ಸರಕಾರಿ ಸಂಸ್ಥೆ ಸಿ-ಡಾಟ್‌ನ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಶುರುವಾದದ್ದು ನಿನಗೆ ಗೊತ್ತಿರಲಿ. ಎಸಿ ಕೋಣೆ ಬೇಡದೆ ಧೂಳು, ಸೆಖೆ ತಡೆದು ನಿಲ್ಲಲಿ ಎಂದೇ ಅದನ್ನು ಮಾಡಿದ್ದು. ಸೆಖೆಯನ್ನು ಯಂತ್ರ ತಡೆದೀತು. ನಮ್ಮ ಊರಿನ ನೀರು, ಸಿಡಿಲು, ಇರುವೆಗೆ ನಾವೇ ಕಾವಲು.

ಊರಿಗೊಂದು ರೋಗ. ಬಂಟ್ವಾಳ ಪೇಟೆ ನೇತ್ರಾವತಿಯ ಮಗ್ಗುಲಲ್ಲಿದೆ; ಆಟಿಯಲ್ಲಿ ಅಲ್ಲಿನ ಗೋಡೆಗಳೇ ಬೆವರುತ್ತವೆ, ನೆಲಮಟ್ಟದ ರೋಸೆಟ್ ಬಾಕ್ಸಿನ ಸ್ಕ್ರೂ ಹಸಿರು ಹಿಡಿಯುತ್ತದೆ. ಮೂಡುಬಿದಿರೆಯ ಮುರಕಲ್ಲು ಗುಡ್ಡೆಗಳಲ್ಲಿ ಬೇಸಗೆಗೆ ಅರ್ತ್ ಗುಂಡಿ ಒಣಗಿ ಕಲ್ಲಾಗುತ್ತದೆ, ಮೊದಲ ಗುಡುಗು ಬರುವುದೂ ಆಗಲೇ. ಬೆಳ್ತಂಗಡಿ ಘಟ್ಟದ ಬುಡ; ತೋಟದ ಮೇಲೆ ಹಾರಿಸಿದ ವಯರಿಗೆ ಸಿಡಿಲೂ ಬೀಳುವ ಸೋಗೆಯೂ ಒಂದೇ. ಬಿಸು ಬರುವ ಮೊದಲು ಅರ್ತ್ ಗುಂಡಿಗೆ ನೀರು ಹೊಯ್ಯಿಸು. ಪತ್ತನಾಜೆಯೊಳಗೆ ಹೊರಗಿನ ಜಾಯಿಂಟು, ಬಾಕ್ಸಿನ ಮುಚ್ಚಳ ನೋಡಿ ಮುಗಿಸು. ಆಮೇಲೆ ಮಳೆಗಾಲದಲ್ಲಿ ನೀನು ನಿಜವಾಗಿ ಕೂತಲ್ಲಿಂದ ಕೆಲಸ ಮಾಡಬಹುದು.

ಇನ್ನೆರಡು ಮಾತು. ದೂರು ಬಂದ ಕೂಡಲೇ ಕೂತಲ್ಲಿಂದ ರೀಸೆಟ್ ಒತ್ತಬೇಡ. ಮಾತಾಡುತ್ತಿರುವವರ ಕರೆ ಎಲ್ಲ ಕಡಿಯುತ್ತದೆ. ಎಷ್ಟೋ ಯಂತ್ರಗಳಲ್ಲಿ ತಪ್ಪಿನ ದಾಖಲೆಯೂ ಅಳಿಸಿಹೋಗುತ್ತದೆ. ಕಂಪೆನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸು. ನೀನು ದೂರದಿಂದ ಒಳಗೆ ಹೋಗುವ ದಾರಿಯಲ್ಲಿ ಕಳ್ಳನೂ ಹೋಗಿ, ಆಫೀಸಿನ ಲೈನಿನಿಂದ ವಿದೇಶಕ್ಕೆ ಮಾತಾಡಿ, ಬಿಲ್ಲು ಆಫೀಸಿನವರ ತಲೆಗೆ ಕಟ್ಟಿಯಾನು.

ಪಟ್ಟಿಯಲ್ಲಿ ತಾರೀಕು ಬರೆಯಲು ಮರೆಯಬೇಡ. ಬಂಟ್ವಾಳದ ಹಿರಿಯರು 1923ರ ನೆರೆ, 1974ರ ನೆರೆ ಎಂದು ವರ್ಷ ಹಿಡಿದೇ ಮಾತಾಡುತ್ತಾರೆ. "ಯಾವಾಗಿನಿಂದ ಸತ್ತಿದೆ?" ಎಂದು ಕೇಳಿದರೆ ಆಫೀಸಿನವರು ಮಾತ್ರ "ಮೊನ್ನೆಯಿಂದ" ಎನ್ನುತ್ತಾರೆ. ಮೊನ್ನೆ ಅಲ್ಲಿ ಏನಾಯಿತು ಎಂದು ಇನ್ನೊಂದು ಪ್ರಶ್ನೆ ಕೇಳು. ಮಳೆ ಬಂತು, ಮೇಜು ಸರಿಸಿದೆವು, ಬಣ್ಣ ಬಳಿದರು, ಹೀಗೆ ಏನೋ ಒಂದು ಹೊರಬರುತ್ತದೆ.

ಬೆಳ್ತಂಗಡಿಯ ಆ ಸಂಸ್ಥೆ ಈಗ ನಿನ್ನ ಪಟ್ಟಿಯಲ್ಲೇ ಉಂಟಂತೆ. ಎಂಡಿಎಫ್ ಬಾಕ್ಸಿನ ಬಾಗಿಲು ತೆರೆದರೆ ಒಳಮೈಯಲ್ಲಿ ನನ್ನ ಕೈಬರಹದ ಕಾಗದ ಅಂಟಿಸಿದ್ದು ಕಾಣುತ್ತದೆ. ಅದರಲ್ಲಿ ಎರಡು ಸಾಲು ತಪ್ಪು. ಹಿಂದಿನ ಕಟ್ಟಡಕ್ಕೆ ಆಮೇಲೆ ಹೊಸ ಕೇಬಲು ಎಳೆದೆ, ನಾಳೆ ತಿದ್ದಿದರಾಯಿತು ಎಂದು ಬಂದವನು ಹಾಗೇ ರಿಟೈರ್ ಆದೆ. ಹೋದಾಗ ಪೆನ್ನು ತೆಗೆದುಕೊಂಡು ಹೋಗು.

ನಿನ್ನ ಮಾವ